ಕವಿತೆಯ ‘ನಾನು’ ಯಾರು?

ಕೇಳುಗರಿಗೆ ನಮಸ್ಕಾರ. ಕವಿಗಳು ತಮ್ಮ ಮನೆಯ ಗುಟ್ಟನ್ನೇ ಬಯಲು ಮಾಡಿದಂತೆ ಕಾಣುವ ಕವಿತೆಗಳನ್ನು ಹೇಗೆ ಓದಬೇಕು? ನನ್ನದು ಒಂದೇ ಮಾತು: ಕವಿತೆಯ ‘ನಾನು’ ಕವಿಯಲ್ಲ, ಕವಿ ಕಟ್ಟಿದ ಪಾತ್ರ.

1959ರಲ್ಲಿ ಅಮೆರಿಕದ ಕವಿ ರಾಬರ್ಟ್ ಲೋವೆಲ್ ಮನೆತನದ ಜಗಳ, ಮಾನಸಿಕ ಆಸ್ಪತ್ರೆಯ ದಿನಗಳನ್ನೆಲ್ಲ ‘ಲೈಫ್ ಸ್ಟಡೀಸ್’ ಸಂಕಲನಕ್ಕೆ ತಂದರು. ವಿಮರ್ಶಕ ರೋಸೆಂಥಾಲ್ ಅದನ್ನು ತಪ್ಪೊಪ್ಪಿಗೆ ಎಂದರು. ಅಂದಿನಿಂದ ಓದುಗರೆಲ್ಲ ಕವಿತೆಯಲ್ಲಿ ಕವಿಯ ಬದುಕನ್ನು ಹುಡುಕುವ ಪತ್ತೇದಾರರಾದರು.

ನಮ್ಮ ಓದುಗರ ಕೂಟದಲ್ಲಿ ನಿವೃತ್ತ ಅಧಿಕಾರಿಯೊಬ್ಬರಿದ್ದಾರೆ. ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ 1962ರಲ್ಲಿ ಬರೆದ ‘ಡ್ಯಾಡಿ’ ಕವಿತೆಯನ್ನು ಓದಿದ ದಿನ ಅವರು ಕನ್ನಡಕ ತೆಗೆದು, “ಛೆ, ಎಂಥ ಕ್ರೂರಿ ಅಪ್ಪ!” ಎಂದು ಮರುಗಿದರು. ಕವಿತೆಯ ಅಪ್ಪ ನಾಜಿಯಂತೆ ಬರುತ್ತಾನಲ್ಲ, ಅದಕ್ಕೆ. ಸ್ವಾಮಿ, ಪ್ಲಾತ್ ಅವರ ತಂದೆ ನಾಜಿಯಲ್ಲ ಎಂದೆ. ಹಿಟ್ಲರ್ ಅಧಿಕಾರಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ಅಮೆರಿಕ ಸೇರಿ, ದುಂಬಿಗಳ ಮೇಲೆ ಪುಸ್ತಕ ಬರೆದ ಪ್ರಾಧ್ಯಾಪಕರು ಅವರು. ತೀರಿಕೊಂಡಾಗ ಮಗಳಿಗೆ ಎಂಟು ವರ್ಷ, ಕವಿತೆಯಲ್ಲಿ ಹತ್ತು. ಹಿರಿಯರು ಕೆಂಡವಾದರು. “ಹಾಗಾದರೆ ಈಕೆ ಸುಳ್ಳುಗಾರ್ತಿ!” ಅವರ ಕೋಪ, ನಕಲಿ ದಾಖಲೆಗೆ ಸಹಿ ಹಾಕಿಸಿಕೊಂಡವರ ಕೋಪ. ಸುಳ್ಳಲ್ಲ ಮಾರಾಯರೇ, ಪಾತ್ರ! ಬಿಬಿಸಿಯ ವಾಚನಕ್ಕೆಂದು ಬರೆದ ಟಿಪ್ಪಣಿಯಲ್ಲಿ ಪ್ಲಾತ್ ಅವರೇ, ಈ ಕವಿತೆ ನುಡಿಯುವವಳು ‘ಒಬ್ಬ ಹುಡುಗಿ’ ಎಂದಿದ್ದಾರೆ. ‘ನಾನು’ ಎನ್ನಲಿಲ್ಲ.

ಆಗ ಆ ಹಿರಿಯರ ಮೊಮ್ಮಗಳು ಕವಿತೆಯನ್ನು ಗಟ್ಟಿಯಾಗಿ ಓದಿದಳು. ಡೂ, ಶೂ, ಯೂ, ಬ್ಲೂ... ಎಷ್ಟೋ ಸಾಲುಗಳ ತುದಿಗೆ ಅದೇ ‘ಊ’ಕಾರ. “ಶಿಶುಗೀತೆಯ ಹಾಗಿದೆ ತಾತಾ” ಎಂದಳು. ಅಷ್ಟು ಸಿಟ್ಟನ್ನು ಪ್ಲಾತ್ ಮಕ್ಕಳ ಪ್ರಾಸದಲ್ಲಿ ಹೇಳಿಸಿದ್ದಾರೆ. ಮೈ ಜುಮ್ಮೆನ್ನುವುದು ಅಲ್ಲಿ. ಅಪ್ಪನ ಜಾತಕ ಹಿಡಿದು ಕೂತವರಿಗೆ ಇದು ಕೇಳಿಸುವುದಾದರೂ ಹೇಗೆ?

ಸಮಯ ಓಡುತ್ತಿದೆ. ಅಮೆರಿಕದ ಇನ್ನೊಬ್ಬ ಕವಿ ಆನ್ ಸೆಕ್ಸ್‌ಟನ್ ಹೆಸರನ್ನಾದರೂ ಹೇಳಿಬಿಡುತ್ತೇನೆ. ಯುದ್ಧದಲ್ಲಿ ಮಡಿದ ತಮ್ಮನಿಗಾಗಿ ಅಳುವ ಕವಿತೆ ಬರೆದರು. ಅವರಿಗೆ ತಮ್ಮನೇ ಇರಲಿಲ್ಲ! ಲೋವೆಲ್ 1973ರ ‘ದಿ ಡಾಲ್ಫಿನ್’ ಸಂಕಲನದಲ್ಲಿ ಬಿಟ್ಟ ಹೆಂಡತಿಯ ಪತ್ರಗಳನ್ನು ತಿದ್ದಿ ಬಳಸಿಕೊಂಡರು, ಗೆಳತಿ, ಕವಿ ಎಲಿಜಬೆತ್ ಬಿಷಪ್ ಬೇಡವೆಂದು ಮೊದಲೇ ಎಚ್ಚರಿಸಿದ್ದರು. ಆ ಜಗಳಕ್ಕೆ ಬೇರೆ ದಿನ ಬೇಕು.

ನೀವು ‘ಡ್ಯಾಡಿ’ಯನ್ನು ಓದುವುದಾದರೆ ಬಾಯಿಬಿಟ್ಟು ಓದಿ. ಜೀವನಚರಿತ್ರೆಯನ್ನು ಆಮೇಲೆ, ಬೇಕೆನಿಸಿದರೆ ಮಾತ್ರ, ತೆರೆಯಿರಿ. ನಮಸ್ಕಾರ.