ಒಂದೇ ಮಂತ್ರ ಗೊತ್ತಿರೋ ಮಾಂತ್ರಿಕನಿಂದ ಏನುಪಯೋಗ?

ಎಲ್ರಿಗೂ ನಮಸ್ಕಾರ. ಟೇಬಲ್ ಸುತ್ತ ಕೂತು ದಾಳ ಹಾಕಿ ಆಡೋ ಫ್ಯಾಂಟಸಿ ಆಟದಲ್ಲಿ ಫಸ್ಟ್ ಲೆವೆಲ್ ಮಾಂತ್ರಿಕ ಅಂದ್ರೆ ಎಲ್ರೂ ನಗ್ತಾರೆ, ನಾನೂ ತುಂಬಾ ದಿನ ನಕ್ಕಿದೀನಿ.

ನಗೋಕೆ ಕಾರಣಾನೂ ಇದೆ ಬಿಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ರೂಲ್ಸ್ ನೋಡಿ, ನಾಲ್ಕು ಮುಖದ ದಾಳದಲ್ಲಿ ಎಷ್ಟು ಬೀಳುತ್ತೋ ಅಷ್ಟೇ ಇವನ ಹಿಟ್ ಪಾಯಿಂಟ್ (ಎಷ್ಟು ಏಟು ತಡ್ಕೊತಾನೆ ಅನ್ನೋ ಲೆಕ್ಕ), ಕವಚ ಹಾಕೋ ಹಾಗಿಲ್ಲ, ಆಯುಧ ಅಂದ್ರೆ ಒಂದು ಬಾಕು, ದಿನಕ್ಕೆ ಒಂದೇ ಮಂತ್ರ, ಅದೂ ಹೇಳಿದ ತಕ್ಷಣ ತಲೆಯಿಂದ ಅಳಿಸಿಹೋಗುತ್ತೆ. ಎರಡನೇ ಲೆವೆಲ್‌ಗೆ ಏರೋಕೆ ಕಳ್ಳನ ಪಾತ್ರಕ್ಕೆ 1200 ಎಕ್ಸ್‌ಪಿ (ಅನುಭವದ ಅಂಕ) ಸಾಕು, ಕತ್ತಿ ಹಿಡಿದು ಹೊಡೆದಾಡೋ ಫೈಟರ್‌ಗೆ 2000, ಈ ಬಡಪಾಯಿಗೆ 2500!

ಆದ್ರೆ ಆ ಒಂದು ಮಂತ್ರ ಸ್ಲೀಪ್ ಆಗಿದ್ರೆ? ಎಂಟು ಮುಖದ ಎರಡು ದಾಳ ಹಾಕ್ಬೇಕು, ಬಂದಷ್ಟು ಹಿಟ್ ಡೈಸ್ (ರಾಕ್ಷಸ ಎಷ್ಟು ಗಟ್ಟಿಗ ಅನ್ನೋ ಅಳತೆ) ಲೆಕ್ಕದ ರಾಕ್ಷಸರು ಮಲಗ್ತಾರೆ, ದಾಳ ಹಾಕಿ ತಪ್ಪಿಸ್ಕೊಳ್ಳೋಕೆ ಸೇವಿಂಗ್ ಥ್ರೋ ಕೂಡ ಇಲ್ಲ. ಸರಾಸರಿ 9, ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸ ಲೆಕ್ಕಕ್ಕೆ ಒಂದು ಹಿಟ್ ಡೈಸ್, ಅಂದ್ರೆ ಹೆಚ್ಚುಕಮ್ಮಿ ಒಂಬತ್ತು ಗಾಬ್ಲಿನ್. ಅದೇ ಫೈಟರ್‌ಗೆ ಒಂದು ಗಾಬ್ಲಿನ್‌ಗೆ ಏಟು ತಾಗಿಸೋಕೆ ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಮೇಲೆ ಬೀಳ್ಬೇಕು, ನೂರಕ್ಕೆ ನಲವತ್ತು ಸಲ ಅಷ್ಟೇ. ಈಗ ಹೇಳಿ, ದಂಡಪಿಂಡ ಯಾರು?

ಇದಕ್ಕಿಂತ ದೊಡ್ಡ ವಿಷಯ ಎಕ್ಸ್‌ಪಿ ಎಲ್ಲಿಂದ ಬರುತ್ತೆ ಅನ್ನೋದು. ಆ ರೂಲ್ಸಲ್ಲಿ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ, ಗಾಬ್ಲಿನ್ ಹೊಡೆದ್ರೆ ಬರೀ 5. ಹೊಡೆದಾಡಿ ಪ್ರಾಣ ಕಳ್ಕೊಳ್ಳೋ ಬದ್ಲು ಹೊಡೆದಾಟಾನೇ ಬರದ ಹಾಗೆ ನೋಡ್ಕೊಂಡು ಪೆಟ್ಟಿಗೆ ಎತ್ಕೊಂಡು ಬರೋನೇ ಜಾಣ, ಆ ಕೆಲ್ಸಕ್ಕೆ ಹೇಳಿ ಮಾಡಿಸಿದೋನು ಮಾಂತ್ರಿಕ. ನಾವು ಡ್ಯಾಮೇಜ್ ಒಂದನ್ನೇ ಎಣಿಸ್ತೀವಿ, ಅದಕ್ಕೆ ಇವನು ಲೆಕ್ಕಕ್ಕೇ ಸಿಗಲ್ಲ.

ನಮ್ಮ ಗುಂಪಲ್ಲಿ ಒಂದ್ಸಲ ಬಾಗಿಲಿಗೆ ಅಡ್ಡ ಓಗರ್ ಅನ್ನೋ ಒಬ್ಬ ದೈತ್ಯ ನಿಂತಿದ್ದ, ಫೈಟರ್‌ಗಳೆಲ್ಲ ಕತ್ತಿ ಹಿರಿದಾಗಿತ್ತು, ಅಷ್ಟೊತ್ತೂ ಸುಮ್ನೆ ಕೂತಿದ್ದ ಮಾಂತ್ರಿಕನ ಪಾತ್ರದ ಹುಡುಗ ಮೆಲ್ಲಗೆ "ಚಾರ್ಮ್ ಪರ್ಸನ್" ಅಂದ, ಎದುರಿಗಿರೋನನ್ನ ಗೆಳೆಯನನ್ನಾಗಿ ಮಾಡ್ಕೊಳ್ಳೋ ಮಂತ್ರ ಅದು. ಬುದ್ಧಿ ಅಂಕ ಜಾಸ್ತಿ ಇದ್ದಿದ್ದಕ್ಕೆ ಅವನ ಪಾತ್ರಕ್ಕೆ ಓಗರ್ ಭಾಷೆ ಬೇರೆ ಬರ್ತಿತ್ತು, ಆ ಭಾಷೆ ಯಾಕೆ ಬರ್ಕೊಂಡೆ ಅಂತ ನಾವೇ ರೇಗಿಸಿದ್ವಿ ಅವನ್ನ! ಓಗರ್‌ನ ಸೇವಿಂಗ್ ಥ್ರೋ ಫೇಲಾಯ್ತು, ದಡ್ಡನಾಗಿದ್ದಷ್ಟೂ ಈ ಮಂತ್ರ ಬಿಡೋದು ನಿಧಾನ, ಮುಂದಿನ ಮೂರು ಸೆಷನ್ ನಮ್ಮ ಪೆಟ್ಟಿಗೆಗಳನ್ನೆಲ್ಲ ಅವನೇ ಹೊತ್ತ.

2014ರ ಐದನೇ ಎಡಿಷನ್‌ನಲ್ಲಿ ಕಷ್ಟ ಕಮ್ಮಿ ಆಗಿದೆ, ಎಷ್ಟು ಸಲ ಬೇಕಾದ್ರೂ ಹಾಕೋ ಕ್ಯಾಂಟ್ರಿಪ್ ಅನ್ನೋ ಚಿಕ್ಕ ಮಂತ್ರಗಳಿವೆ, ದೊಡ್ಡ ಮಂತ್ರ ಹಾಕೋಕೆ ಖರ್ಚಾಗೋ ಸ್ಲಾಟ್ ಎರಡು. ಆದ್ರೂ ಜನ ಬೆಂಕಿ ಎಸೆಯೋ ಫೈರ್ ಬೋಲ್ಟ್ ಕ್ಯಾಂಟ್ರಿಪ್ ಒಂದನ್ನೇ ಎಸೀತಾ ಕೂರ್ತಾರೆ, ಬೇಜಾರಾಗುತ್ತೆ ನಂಗೆ. ಮೇಜ್ ಹ್ಯಾಂಡ್ ಅನ್ನೋ ಮಾಯದ ಕೈ 30 ಅಡಿ ದೂರದಿಂದ ಪೆಟ್ಟಿಗೆ ಮುಚ್ಚಳ ತೆಗೆಯುತ್ತಲ್ಲ ಸ್ವಾಮಿ, ವಿಷದ ಸೂಜಿ ಯಾರ ಬೆರಳಿಗೂ ಚುಚ್ಚಲ್ಲ. ಮಾಯೆ ಎಲ್ಲಿದೆ ಅಂತ ತೋರಿಸೋ ಡಿಟೆಕ್ಟ್ ಮ್ಯಾಜಿಕ್ ಮಂತ್ರವನ್ನ ಹತ್ತು ನಿಮಿಷ ಜಾಸ್ತಿ ತಗೊಂಡು ರಿಚುಯಲ್ (ವಿಧಿ) ಆಗಿ ಮಾಡಿದ್ರೆ ಸ್ಲಾಟೂ ಉಳಿಯುತ್ತೆ. ಅಲ್ಲಿ ಸ್ಲೀಪ್ ಕಮ್ಮಿ ಹಿಟ್ ಪಾಯಿಂಟ್ ಇರೋರಿಂದ ಶುರುವಾಗುತ್ತೆ, ಹಂಗಾಗಿ ಫೈಟರ್‌ಗಳು ನಾಲ್ಕೇಟು ಕೊಟ್ಟ ಮೇಲೆ ಹಾಕಿ, ಮೊದಲೇ ಅಲ್ಲ.

ಆಟ ನಡೆಸೋ ಡಿಎಂಗಳೇ (ಡಂಜನ್ ಮಾಸ್ಟರ್), ಒಂದು ಮಾತು. ಸ್ಲೀಪ್ ಕಲಿತು ಬಂದೋನ ಮುಂದೆ ರೂಮಿಂದ ರೂಮಿಗೆ ನಿದ್ದೇನೇ ಬರದ ಅಸ್ಥಿಪಂಜರಗಳನ್ನ ತಂದು ನಿಲ್ಸಿ, ಆಮೇಲೆ ಮಾಂತ್ರಿಕ ವೇಸ್ಟ್ ಅಂತ ನನ್ನ ಹತ್ರ ಬರ್ಬೇಡಿ. ಪ್ರಶ್ನೆ ಇದ್ರೆ ಕೇಳಿ.