ಒಳ್ಳೆಯ ಆ್ಯಪ್ ಇದ್ದರೂ ಜನ ಯಾಕೆ ಬದಲಾಗುವುದಿಲ್ಲ?

[ತೆರೆಯ ಮೇಲೆ: ಹಳೆಯ ಕಾಲದ ಒಂಟಿ ಟೆಲಿಫೋನ್]

ನಮಸ್ಕಾರ. ಊರಿಗೆಲ್ಲ ಒಂದೇ ಒಂದು ಟೆಲಿಫೋನ್ ಇದ್ದರೆ ಯಾರಿಗೆ ಕರೆ ಮಾಡುವುದು? ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯ ಮುಖ್ಯಸ್ಥ ಥಿಯೋಡರ್ ವೇಲ್ 1908ರ ವಾರ್ಷಿಕ ವರದಿಯಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಆ ತುದಿಯಲ್ಲಿ ಯಾರೂ ಇಲ್ಲದ ಫೋನು ಆಟಿಕೆಯಾಗಿಯೂ ಉಪಯೋಗಕ್ಕೆ ಬಾರದು. ಸಂಪರ್ಕಗಳು ಹೆಚ್ಚಿದಂತೆ ಅದರ ಬೆಲೆ ಹೆಚ್ಚುತ್ತದೆ.

[ತೆರೆಯ ಮೇಲೆ: ಚುಕ್ಕಿಗಳು, ಅವುಗಳ ನಡುವೆ ಗೆರೆಗಳು]

ಇಬ್ಬರಿದ್ದರೆ ಒಂದು ಜೋಡಿ. ಐವರಿದ್ದರೆ 10. ನೂರು ಮಂದಿಯಾದರೆ 4,950! ಜೋಡಿಗಳು ಹೆಚ್ಚಿದಷ್ಟೂ ಜಾಲದ ಬೆಲೆ ಹೆಚ್ಚುತ್ತದೆ ಎಂಬ ಈ ಲೆಕ್ಕ, ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್ನೆಟ್ ತಂತ್ರಜ್ಞಾನ ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆದರೆ ಕಣ್ಣುಮುಚ್ಚಿ ಒಪ್ಪಬೇಡಿ. ಎಲ್ಲ ಜೋಡಿಗಳಿಗೂ ಒಂದೇ ತೂಕವಿಲ್ಲ ಎಂದು ಗಣಿತಜ್ಞ ಆ್ಯಂಡ್ರೂ ಓಡ್ಲಿಸ್ಕೊ ಮತ್ತು ಸಂಗಡಿಗರು 2006ರಲ್ಲಿ ಆಕ್ಷೇಪವೆತ್ತಿದರು. ನಿಮ್ಮ ಮೊಬೈಲಿನಲ್ಲಿ ನೂರಾರು ಹೆಸರುಗಳಿರಬಹುದು, ದಿನವೂ ಮಾತನಾಡುವುದು ಬೆರಳೆಣಿಕೆಯ ಮಂದಿಯೊಂದಿಗೆ.

ನಮ್ಮನ್ನು ಕಟ್ಟಿಹಾಕುವವರೂ ಅವರೇ. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪನ್ನು ತೆರೆಯಿರಿ: ಇಂದು ಕಾವೇರಿ ನೀರಿಲ್ಲ, ಟ್ಯಾಂಕರ್ ಹನ್ನೊಂದಕ್ಕೆ, ಲಿಫ್ಟ್ ಕೆಟ್ಟಿದೆ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್‌ನ ಖಾಸಗಿತನದ ನೀತಿಗೆ ಬೇಸತ್ತು ಅನೇಕರು ಸಿಗ್ನಲ್ ಎಂಬ ಇನ್ನೊಂದು ಸಂದೇಶದ ಆ್ಯಪ್ ಹಾಕಿಕೊಂಡರು. ಆದರೆ ಟ್ಯಾಂಕರಿನ ಸುದ್ದಿ ಹಳೆಯ ಗುಂಪಿನಲ್ಲೇ ಬರುವಾಗ ಒಬ್ಬರೇ ಹೊರಗೆ ಹೋಗಿ ಏನು ಮಾಡುವುದು?

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್‌ನಂಥ ಜಾಲತಾಣ ‘ಕೂ’ 2020ರಲ್ಲಿ ಬಂತು. ಕನ್ನಡದಲ್ಲಿ ನಿರಾಳವಾಗಿ ಬರೆಯಲು ಅಲ್ಲಿ ಜಾಗವಿತ್ತು. 2024ರ ಜುಲೈನಲ್ಲಿ ಮುಚ್ಚಿತು. ಪಾಲುದಾರಿಕೆಯ ಮಾತುಕತೆಗಳು ಫಲಿಸಲಿಲ್ಲ ಎಂದರು ಸ್ಥಾಪಕರು. ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅಲ್ಲಿ ಬರೆದ ಸಾಲು ಬೇರೆ ಜಾಲತಾಣದವರ ಕಣ್ಣಿಗೂ ನೇರವಾಗಿ ಬೀಳುವಂತಿದ್ದರೆ, ಓದುಗರನ್ನು ಸೊನ್ನೆಯಿಂದ ಕೂಡಿಸುವ ಕಷ್ಟ ಅದಕ್ಕೆ ಇರುತ್ತಿರಲಿಲ್ಲ.

[ತೆರೆಯ ಮೇಲೆ: ಕೆ.ಆರ್. ಮಾರುಕಟ್ಟೆ, ಸೇವಂತಿಗೆ ರಾಶಿಯ ಪಕ್ಕದಲ್ಲಿ ಕ್ಯೂಆರ್ ಕೋಡ್]

ಇಲ್ಲಿ ನೋಡಿ. ಹೂವಿನ ಅಮ್ಮ ಇಟ್ಟಿರುವುದು ಒಂದೇ ಕೋಡ್. ನೀವು ಫೋನ್‌ಪೇಯಿಂದ ಸ್ಕ್ಯಾನ್ ಮಾಡಿ, ಗೂಗಲ್‌ಪೇಯಿಂದ ಮಾಡಿ, ಭೀಮ್‌ನಿಂದ ಮಾಡಿ, ಹಣ ಅವರ ಖಾತೆಗೇ ಸೇರುತ್ತದೆ. ನಿಮ್ಮ ಆ್ಯಪ್ ಯಾವುದು ಎಂದು ಅವರು ಕೇಳುವುದೂ ಇಲ್ಲ. 2016ರಲ್ಲಿ ಬಂದ ಯುಪಿಐಯನ್ನು ಹಾಗೆಯೇ ಕಟ್ಟಲಾಗಿದೆ: ಆ್ಯಪ್‌ಗಳು ಹಲವು, ಜಾಲ ಒಂದೇ. ಅಲ್ಲೂ ಎರಡು ಆ್ಯಪ್‌ಗಳಿಗೇ ಸಿಂಹಪಾಲು, ನಿಜ. ಆದರೆ ಮೂರನೆಯದನ್ನು ಬಳಸುವವರು ಹೂವಿಲ್ಲದೆ ಮರಳಬೇಕಿಲ್ಲ.

ಸಂದೇಶಗಳಿಗೂ ಇದು ಸಾಧ್ಯ. ಬೇರೆ ಸೇವೆಯವರು ಕೇಳಿದರೆ ವಾಟ್ಸ್‌ಆ್ಯಪ್ ಸಂಪರ್ಕ ಕೊಡಬೇಕು ಎಂದು ಯುರೋಪ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಹೇಳುತ್ತದೆ. ಸಂದೇಶದ ಗೋಪ್ಯತೆ ಕೆಡದಂತೆ ಎರಡು ಆ್ಯಪ್‌ಗಳನ್ನು ಬೆಸೆಯುವುದು ಕಷ್ಟದ ಕೆಲಸ. ಆದರೂ ಇಂಥ ನಿಯಮ ನಮಗೂ ಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನಂಬರ್ ಉಳಿಸಿಕೊಂಡೇ ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂದಿದೆ. ಏರ್‌ಟೆಲ್‌ನಿಂದ ಜಿಯೋಗೆ ಕರೆ ಹೋಗುವುದನ್ನು ಇಂದು ಯಾರೂ ವಿಶೇಷವೆಂದು ನೋಡುವುದಿಲ್ಲ.