ತೊಂದರೆ ಇಲ್ಲದಾಗಲೇ ಪರೀಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ದೊಡ್ಡ ಕರುಳಿನ ಕ್ಯಾನ್ಸರ್. ಜಗತ್ತಿನಲ್ಲಿ ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಇದಕ್ಕೆ ಎರಡನೇ ಸ್ಥಾನ. 2020ರ ಒಂದೇ ವರ್ಷದಲ್ಲಿ ಸುಮಾರು 19 ಲಕ್ಷ ಜನರಿಗೆ ಇದು ಹೊಸದಾಗಿ ಬಂತು, 9 ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ನಿಮ್ಮನ್ನು ಹೆದರಿಸಲು ಈ ಲೆಕ್ಕ ಹೇಳುತ್ತಿಲ್ಲ. ಇವುಗಳಲ್ಲಿ ಎಷ್ಟೋ ಸಾವುಗಳನ್ನು ತಪ್ಪಿಸಬಹುದಿತ್ತು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿದೆ. ಚರ್ಮದ ಮೇಲೆ ನರುಲಿ ಏಳುವ ಹಾಗೆ, ವಯಸ್ಸಾಗುತ್ತಾ ಅದರ ಒಳಪದರದಲ್ಲಿ ಸಣ್ಣ ಗಂಟುಗಳು ಏಳುತ್ತವೆ. ಇವಕ್ಕೆ ಪಾಲಿಪ್ ಎನ್ನುತ್ತೇವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ಮಾತ್ರ ಮೆಲ್ಲಗೆ ಬೆಳೆದು ಕ್ಯಾನ್ಸರ್ ಆಗುತ್ತವೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಹತ್ತು ವರ್ಷ! ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಅಪರೂಪ. ಆದರೆ ಆ ಹೊತ್ತಿನಲ್ಲಿ ನೋವಿರುವುದಿಲ್ಲ, ಹಸಿವು ಕೆಡುವುದಿಲ್ಲ, ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಆದ್ದರಿಂದಲೇ ನಾನು ಹೇಳುವುದು: ತೊಂದರೆ ಇಲ್ಲದಾಗಲೇ ಪರೀಕ್ಷೆ ಮಾಡಿಸಿಕೊಳ್ಳಿ.

ಎಲ್ಲಿ ಮಾತಾಡಿದರೂ ನಾನು ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಅಮೆರಿಕದ ಕೇಟಿ ಕೂರಿಕ್. ಎನ್‌ಬಿಸಿ ವಾಹಿನಿಯ ಬೆಳಗಿನ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು, ಮನೆಮನೆಗೂ ಗೊತ್ತಿದ್ದ ಮುಖ. ಅವರ ಗಂಡ ಜೇ ಮೊನಹನ್ ವಕೀಲರು. ಅವರಿಗೆ ಈ ಕಾಯಿಲೆ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅದು ಕರುಳು ದಾಟಿ ಹರಡಿಬಿಟ್ಟಿತ್ತು. 1998ರ ಜನವರಿಯಲ್ಲಿ ತೀರಿಕೊಂಡರು. ವಯಸ್ಸು ಬರೀ 42. ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಆ ತಾಯಿ ದುಃಖ ನುಂಗಿಕೊಂಡು ಸುಮ್ಮನಾಗಬಹುದಿತ್ತು. ಆಗಲಿಲ್ಲ. 2000ದ ಮಾರ್ಚ್‌ನಲ್ಲಿ ತಮ್ಮದೇ ಕೊಲೊನೊಸ್ಕೋಪಿ ಮಾಡಿಸಿಕೊಂಡು ಅದನ್ನು ಟಿವಿಯಲ್ಲಿ ತೋರಿಸಿದರು. ಕ್ಯಾಮೆರಾ ಇರುವ ಸಪೂರ ನಳಿಕೆಯನ್ನು ಗುದದ್ವಾರದಿಂದ ಒಳಗೆ ಕಳಿಸಿ ಕರುಳನ್ನು ನೋಡುವ ಪರೀಕ್ಷೆ ಅದು. ಹತ್ತಿರದವರ ಮುಂದೆಯೂ ಯಾರೂ ಬಾಯಿಬಿಡದ ಸಂಗತಿಯನ್ನು ಅವರು ಇಡೀ ದೇಶದ ಎದುರು ಇಟ್ಟರು. ಮುಂದೆ ಸಂಶೋಧಕರು ಲೆಕ್ಕ ಹಾಕಿ ನೋಡಿದಾಗ, ಆ ಪ್ರಸಾರದ ನಂತರ ಅಲ್ಲಿ ಈ ಪರೀಕ್ಷೆಗಳು ಸುಮಾರು ಶೇಕಡಾ 20ರಷ್ಟು ಹೆಚ್ಚಿದ್ದವು. ಒಬ್ಬಾಕೆ ನಾಚಿಕೆ ಬಿಟ್ಟದ್ದಕ್ಕೆ! ನನ್ನ ಮುಂದೆ ಕೂತು "ಅಯ್ಯೋ ಡಾಕ್ಟ್ರೇ, ಅದೆಲ್ಲಾ ಬೇಡ" ಅನ್ನುವವರಿಗೆ ನಾನು ಈ ಕಥೆಯನ್ನು ಬಿಡದೆ ಹೇಳುತ್ತೇನೆ. ಎಷ್ಟೋ ಸಲ ಜೀವ ಹೋಗುವುದು ಈ ಸಂಕೋಚದಿಂದಲೇ.

ಇನ್ನು ಪರೀಕ್ಷೆಯ ವಿಷಯ, ಸ್ವಲ್ಪ ಬೇಗ ಹೇಳಿಬಿಡುತ್ತೇನೆ. ಹಿಂದಿನ ದಿನ ಭೇದಿಯ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ಕಿರಿಕಿರಿಯೇನಿದ್ದರೂ ಅದೊಂದೇ. ಪರೀಕ್ಷೆಯ ಹೊತ್ತಿಗೆ ಮಂಪರು ಬರಿಸುತ್ತಾರೆ. ಪಾಲಿಪ್ ಕಂಡರೆ ಸಾಮಾನ್ಯವಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಅಂದರೆ ಆ ಗಂಟು ಕ್ಯಾನ್ಸರ್ ಆಗುವ ಮೊದಲೇ ಹೋಯಿತು. ಎಲ್ಲವೂ ಚೆನ್ನಾಗಿದ್ದರೆ ಮತ್ತೆ ಹತ್ತು ವರ್ಷ ಚಿಂತೆಯಿಲ್ಲ. ಇದು ಬೇಡವೆಂದರೆ, ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಮಲ ಪರೀಕ್ಷೆಯಿದೆ, ವರ್ಷಕ್ಕೊಮ್ಮೆ ಮಾಡಿಸಬೇಕು. ಅದರಲ್ಲಿ ರಕ್ತ ಕಂಡರೆ ಮಾತ್ರ ಕೊಲೊನೊಸ್ಕೋಪಿ ಆಗಲೇಬೇಕು. ಅಮೆರಿಕದ ತಜ್ಞರು 2021ರಲ್ಲಿ ಪರೀಕ್ಷೆ ಶುರುಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದ್ದಾರೆ. 45 ದಾಟಿದವರೇ, ದಯವಿಟ್ಟು ಕೇಳಿಸಿಕೊಳ್ಳಿ: ತೊಂದರೆ ಇಲ್ಲದಾಗಲೇ.

ಈಗಾಗಲೇ ತೊಂದರೆ ಶುರುವಾಗಿದ್ದರೆ ವಯಸ್ಸು ನೋಡುತ್ತ ಕೂರಬೇಡಿ. ಮಲದಲ್ಲಿ ರಕ್ತ ಕಂಡ ಕೂಡಲೇ "ಮೂಲವ್ಯಾಧಿ ಇರಬೇಕು" ಎಂದು ನೀವೇ ತೀರ್ಮಾನಿಸಿ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಳ್ಳುವುದನ್ನು ಬಿಡಿ. ಮೂಲವ್ಯಾಧಿಯೇ ಇದ್ದೀತು, ಆದರೆ ಅದನ್ನು ನೋಡಿ ಹೇಳಬೇಕಾದವರು ವೈದ್ಯರು. ಮಲವಿಸರ್ಜನೆಯ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆಗೆ ಕಾರಣವೇ ಸಿಗದಿದ್ದರೆ, ಆಗಲೂ ಕರುಳನ್ನು ನೋಡಿಸಬೇಕು. ಕಾಯಿಲೆ ಕರುಳಿನಲ್ಲೇ ಇರುವಾಗ ಸಿಕ್ಕರೆ ಹತ್ತರಲ್ಲಿ ಒಂಬತ್ತು ಜನ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಹತ್ತರಲ್ಲಿ ಒಬ್ಬರೋ ಇಬ್ಬರೋ.

ತಂಬಾಕು, ಮದ್ಯ, ಬೊಜ್ಜು, ಸಂಸ್ಕರಿಸಿದ ಮಾಂಸ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಅದನ್ನು ವಿವರಿಸಲು ಈಗ ಸಮಯವಿಲ್ಲ. ಒಂದನ್ನು ಮಾತ್ರ ಹೇಳದೆ ಬಿಡಲಾರೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ ನೀವು 45ರವರೆಗೆ ಕಾಯುವಂತಿಲ್ಲ. 40ಕ್ಕೇ ಪರೀಕ್ಷೆ ಶುರುವಾಗಬೇಕು, ಇಲ್ಲವೇ ಅವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ನಿಮ್ಮ ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಬಂದಿತ್ತೆಂದು ಹಿರಿಯರನ್ನು ಇವತ್ತೇ ಕೇಳಿ, ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.

ನಮಸ್ಕಾರ.